ವಾಷ್‌ಬೇಸಿನ್‌ಗೆ ಯಾವ ನಳ? ಟಾಕಿ ನೋಡಿ ಆರಿಸಿ

ಮನೆ ಕಟ್ಟಿಸುವವರು ಟೈಲ್ಸ್ ಆರಿಸಲು ವಾರಗಟ್ಟಲೆ ತಿರುಗುತ್ತಾರೆ. ನಳದ ಸರದಿ ಬರುವಷ್ಟರಲ್ಲಿ ಕೈಯಲ್ಲಿನ ದುಡ್ಡೂ ತೀರಿರುತ್ತದೆ, ತಾಳ್ಮೆಯೂ ತೀರಿರುತ್ತದೆ. ‘ಯಾವುದರೆ ಒಂದು ಹಾಕ್ರಿ, ನೀರು ಬಂದ್ರ ಸಾಕು’ ಎಂದು ಪ್ಲಂಬರ್‌ಗೆ ಒಪ್ಪಿಸಿ ಕೈತೊಳೆದುಕೊಳ್ಳುತ್ತಾರೆ. ಇಲ್ಲವೇ ಶೋರೂಮಿನ ದೀಪದಡಿ ಫಳಫಳ ಅನ್ನುವ ಉದ್ದ ಕತ್ತಿನ ನಳವೊಂದನ್ನು ಹೊತ್ತು ತರುತ್ತಾರೆ. ಎರಡು ಬೇಸಿಗೆ ದಾಟುವುದರೊಳಗೆ ಅದರ ಬಾಯಿಗೆ ಬಿಳಿ ಸುಣ್ಣ ಕಟ್ಟಿ, ನೀರು ಬೇಸಿನ್ ಬಿಟ್ಟು ಅಂಗಿಯ ಮೇಲೆ ಸಿಡಿಯತೊಡಗುತ್ತದೆ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಬೇಸಿನ್ ನಳ ಕೊಳ್ಳುವವರು ಅಂಗಡಿಗೆ ಹೋಗುವ ಮುಂಚೆ ಒಮ್ಮೆ ಮಾಳಿಗೆ ಹತ್ತಿ ಟಾಕಿ, ಅಂದರೆ ನೀರಿನ ಟ್ಯಾಂಕ್, ನೋಡಿ ಬರಲಿ ಎನ್ನುವುದು ನನ್ನ ಮಾತು. ಟಾಕಿಗೆ ಬೀಳುವ ನೀರು ಎಂಥದು, ಟಾಕಿ ಎಷ್ಟು ಎತ್ತರದಲ್ಲಿದೆ ಎಂಬೆರಡು ಗೊತ್ತಾದರೆ ಶೋರೂಮಿನ ಅರ್ಧ ಮಾಲು ತಾನಾಗಿಯೇ ಪಟ್ಟಿಯಿಂದ ಹೊರಬೀಳುತ್ತದೆ. ಬಣ್ಣ, ಆಕಾರ, ಕಂಪನಿ ಎಲ್ಲ ಆಮೇಲೆ.

ನೀರಿನ ಗುಣ

ಶಹಾಬಾದ, ಚಿತ್ತಾಪುರ, ಸೇಡಂ ಸುತ್ತಲಿನ ನೆಲದಡಿ ಸುಣ್ಣದ ಕಲ್ಲಿದೆ. ನಾವು ಅಂಗಳಕ್ಕೆ ಹಾಸುವ ಫರ್ಶಿಯೂ ಅದೇ, ವಾಡಿ ಮತ್ತು ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಹೊಟ್ಟೆಗೆ ಹೋಗುವುದೂ ಅದೇ. ಆ ಕಲ್ಲಿನ ಸಂದಿಯಲ್ಲಿ ನಿಂತ ಬೋರ್ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಕುಡಿಯುವ ನೀರಿಗೆ ಇರುವ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಹೀಗೆ ಕರಗಿದ್ದರ ಅಳತೆಯಾದ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಕಲಬುರಗಿ ನಗರಕ್ಕೆ ಪಾಲಿಕೆಯಿಂದ ಬರುವುದು ಭೀಮಾ ಮತ್ತು ಬೆಣ್ಣೆತೊರಾ ನೀರು. ಹೊಳೆಯ ನೀರು ಸಾಮಾನ್ಯವಾಗಿ ಬೋರಿನಷ್ಟು ಗಡಸು ಇರುವುದಿಲ್ಲ. ಆದರೆ ಬೇಸಿಗೆ ಬಂತೆಂದರೆ ಪಾಲಿಕೆ ನೀರು, ಬೋರ್ ನೀರು, ಟ್ಯಾಂಕರ್ ನೀರು ಮೂರೂ ಒಂದೇ ಸಂಪಿಗೆ ಬೀಳುವ ಮನೆಗಳು ಬೇಕಾದಷ್ಟಿವೆ. ನಳದ ಲೆಕ್ಕವನ್ನು ಮಳೆಗಾಲದ ನೀರಿಗೆ ಹಾಕಬೇಡಿ, ಮೇ ತಿಂಗಳ ನೀರಿಗೆ ಹಾಕಿ.

ಪರೀಕ್ಷೆ ಅಡುಗೆಮನೆಯಲ್ಲೇ ಆಗುತ್ತದೆ. ದಿನಾ ನೀರು ಕಾಯಿಸುವ ಸ್ಟೀಲ್ ಪಾತ್ರೆಯ ತಳ ನೋಡಿ. ಬಿಳಿ ಹಕ್ಕಳೆ ಕಟ್ಟಿದ್ದರೆ ಅದರ ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಸಣ್ಣ ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣ, ಅನುಮಾನ ಬೇಡ. ಆರ್‌ಓ ಮಾರುವ ಹುಡುಗ ಪೆನ್ನಿನಂಥ ಮೀಟರ್ ಅದ್ದಿ ತೋರಿಸುವ ಟಿಡಿಎಸ್ ಸಂಖ್ಯೆಯೇ ಬೇರೆ. ಅದರಲ್ಲಿ ಉಪ್ಪು, ಸುಣ್ಣ, ಕರಗಿದ್ದೆಲ್ಲ ಸೇರಿರುತ್ತದೆ. ನಳದ ಆಯುಷ್ಯ ಹೇಳುವುದು ಒಟ್ಟು ಗಡಸುತನ. ನೀರನ್ನು ಲ್ಯಾಬಿಗೆ ಕೊಟ್ಟರೆ ಆ ಸಂಖ್ಯೆಯನ್ನು ಬೇರೆಯಾಗಿ ಕೇಳಿ ಬರೆಸಿಕೊಳ್ಳಿ.

ಗಡಸು ನೀರಿಗೆ ಮೊದಲು ಸಿಗುವುದು ನಳದ ಬಾಯಿಯ ಜಾಲರಿ, ಅಂಗಡಿಯವರು ಏರೇಟರ್ ಅನ್ನುವುದು. ನೀರಿಗೆ ಗಾಳಿ ಬೆರೆಸಿ ನೊರೆನೊರೆಯಾಗಿ ಇಳಿಸುವ ಈ ಜಾಲರಿಯ ಕಣ್ಣು ಬಲು ಸಣ್ಣದು, ಬೇಗ ಮುಚ್ಚುತ್ತದೆ. ಆಮೇಲೆ ಒಳಗಿನ ಸೆರಾಮಿಕ್ ಬಿಲ್ಲೆಗಳ ನಡುವೆ ಸುಣ್ಣ ಕೂತು ಹಿಡಿ ಬಿಗಿಯಾಗುತ್ತದೆ. ಗೀಸರ್ ಕಡೆಯಿಂದ ಬರುವ ಬದಿಗೆ ಈ ಕಾಟ ಹೆಚ್ಚು, ಯಾಕೆಂದರೆ ನೀರು ಕಾದಷ್ಟೂ ಸುಣ್ಣ ಹೊರಬೀಳುತ್ತದೆ.

ಹಾಗಾಗಿ ಏರೇಟರ್ ಹೊರಗಿನಿಂದ ಕೈಯಲ್ಲೋ ಪಾನಾದಲ್ಲೋ ಬಿಚ್ಚಲು ಬರುವಂಥ ನಳವನ್ನೇ ತೆಗೆದುಕೊಳ್ಳಿ. ಬಿಚ್ಚಿ ಒಂದು ರಾತ್ರಿ ವಿನಿಗರ್‌ನಲ್ಲೋ ನಿಂಬೆರಸದಲ್ಲೋ ನೆನೆಹಾಕಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದರೆ ಮತ್ತೆ ಹೊಸದರಂತೆ ಹರಿಯುತ್ತದೆ. ಈಗಿನ ಚಂದದ ಮಾಡೆಲ್‌ಗಳಲ್ಲಿ ಏರೇಟರ್ ಬಾಯೊಳಗೇ ಅಡಗಿರುತ್ತದೆ, ಬಿಚ್ಚಲು ಹಲ್ಲಿರುವ ಪುಟ್ಟ ಪ್ಲಾಸ್ಟಿಕ್ ಕೀಲಿ ಬೇಕು. ಆ ಕೀಲಿ ಡಬ್ಬಿಯ ಜೊತೆಗೇ ಕಸಕ್ಕೆ ಹೋಗುವುದು ಎಲ್ಲ ಮನೆಗಳ ಕಥೆ. ನಳ ಕೂರಿಸುವ ದಿನ ನೀವೇ ಎದುರಿಗಿದ್ದು ಅದನ್ನು ತೆಗೆದಿಟ್ಟುಕೊಳ್ಳಿ.

ಟಾಕಿಯ ಎತ್ತರ

ನೀರು 10 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಒಂದು ಅಂತಸ್ತಿನ ಮನೆಯಲ್ಲಿ ಮಾಳಿಗೆಯ ಮೇಲೆ ನಾಲ್ಕು ಸಾಲು ಇಟ್ಟಿಗೆ ಇಟ್ಟು ಕೂರಿಸಿದ ಟಾಕಿಯಿಂದ ಬೇಸಿನ್ ನಳದವರೆಗೆ ಇಳಿವು ಎರಡೂವರೆ, ಮೂರು ಮೀಟರ್ ಅಷ್ಟೇ. ಅಂದರೆ 0.3 ಬಾರ್ ಆಸುಪಾಸು. ಬಿಸಿನೀರು, ತಣ್ಣೀರನ್ನು ಒಂದೇ ಹಿಡಿಯಿಂದ ಬೆರೆಸಿ ಕೊಡುವ ಹಲವು ಸಿಂಗಲ್ ಲಿವರ್ ಮಿಕ್ಸರ್‌ಗಳು ಕನಿಷ್ಠ 0.5 ಬಾರ್ ಕೇಳುತ್ತವೆ, ಕೆಲವು ಅದಕ್ಕೂ ಹೆಚ್ಚು. ಶೋರೂಮಿನಲ್ಲಿ ನೀರು ಧುಮ್ಮಿಕ್ಕುವುದಕ್ಕೆ ಹಿಂದೆ ಪಂಪ್ ಇರುತ್ತದೆ. ಅದು ನಿಮ್ಮ ಮನೆಗೆ ಬರುವುದಿಲ್ಲ.

ಎರಡು ಅಂತಸ್ತಿನ ಮನೆಯಿದ್ದರೆ ಕೆಳಗಿನವರಿಗೆ ಚಿಂತೆಯಿಲ್ಲ, ಟಾಕಿಯ ಕೆಳಗೇ ಇರುವ ಮೇಲಿನ ಮನೆಯವರಿಗೇ ನೀರು ಸಣ್ಣಗೆ ಬರುವುದು. ಒಂದೇ ಮನೆಗೆ ಮೇಲೂ ಕೆಳಗೂ ಒಂದೇ ಮಾಡೆಲ್ ಬೇಕೆಂಬ ಹಟ ಬೇಡ.

ಬೇಸಿನ್ ಕೆಳಗೆ ಗೋಡೆಯಲ್ಲಿರುವ, ನಳಕ್ಕೆ ನೀರು ಬಿಡುವ ಆಂಗಲ್ ಕಾಕ್ ಪೂರ್ತಿ ತೆರೆದು 1 ಲೀಟರ್ ಬಾಟಲಿ ಹಿಡಿಯಿರಿ. ಐದಾರು ಸೆಕೆಂಡಿನಲ್ಲಿ ತುಂಬಿದರೆ ಯಾವ ನಳವಾದರೂ ನಡೆದೀತು. ಹತ್ತು ಸೆಕೆಂಡ್ ದಾಟಿತೋ, ಅಂದರೆ ನಿಮಿಷಕ್ಕೆ 6 ಲೀಟರ್‌ಗಿಂತ ಕಡಿಮೆಯೋ, ಮಿಕ್ಸರ್ ಆಸೆ ಬಿಟ್ಟು ಒಂದೇ ಪೈಪಿನ ನೀರು ಕೊಡುವ ಸಾದಾ ಪಿಲ್ಲರ್ ಕಾಕ್ ನೋಡಿ. ಪಂಪ್ ಕೂರಿಸುವ ಯೋಚನೆಯಿದ್ದರೆ ಮಾತು ಬೇರೆ.

ಇನ್ನೊಂದು ತೊಡಕು ಹೇಳಿಬಿಡುತ್ತೇನೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳ ಜೊತೆ ಕಲಬುರಗಿಯ ಕೆಲವು ಬಡಾವಣೆಗಳಿಗೂ 24 ಗಂಟೆ ನೀರಿನ ಪ್ರಾಯೋಗಿಕ ಯೋಜನೆ ಬಂದಿತ್ತು. ನೇರ ಪಾಲಿಕೆ ಲೈನಿಗೆ ಒಳ್ಳೆಯ ಒತ್ತಡವಿರುವ ಕಡೆ ತಣ್ಣೀರನ್ನು ಆ ಲೈನಿನಿಂದ, ಬಿಸಿನೀರನ್ನು ಟಾಕಿಯಿಂದ ಗೀಸರ್ ಮೂಲಕ ಕೊಡುವವರಿದ್ದಾರೆ. ಹಾಗೆ ಮಾಡಿ ಮಿಕ್ಸರ್ ಕೂರಿಸಿದರೆ ಜೋರಿನ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ದೂಡುತ್ತದೆ. ಬಿಸಿಯೇ ಬರುವುದಿಲ್ಲ, ಗೀಸರ್ ಕೆಟ್ಟಿದೆ ಅಂತ ಮೆಕ್ಯಾನಿಕ್‌ಗೆ ಫೋನ್ ಹೋಗುತ್ತದೆ. ಎರಡೂ ಬದಿಗೆ ಒಂದೇ ಟಾಕಿಯ ನೀರು ಕೊಡಿ, ಇಲ್ಲವೇ ಬಿಸಿನೀರಿನ ಲೈನಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಆದರೆ ವಾಲ್ವ್ ನೀರನ್ನು ಹಿಂದಕ್ಕೆ ಹೋಗದಂತೆ ತಡೆಯುತ್ತದೆ ಅಷ್ಟೇ, ಒತ್ತಡವನ್ನು ಸಮ ಮಾಡುವುದಿಲ್ಲ.

ಪಿಲ್ಲರ್ ಕಾಕ್, ಮಿಕ್ಸರ್ ಮತ್ತು ಉಳಿದವು

ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಬೇಸಿನ್ ಇರುವುದು ಬಾತ್‌ರೂಮಿನ ಹೊರಗೆ, ಊಟದ ಪಡಸಾಲೆಯ ಮೂಲೆಯಲ್ಲಿ. ಅದಕ್ಕೆ ಗೀಸರ್ ಲೈನೇ ಇರುವುದಿಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮಾಳಿಗೆಯ ಕಪ್ಪು ಟಾಕಿಯಿಂದ ಇಳಿಯುವ ನೀರಿಗೆ ಕೈ ಒಡ್ಡಲಾಗದು, ಬಿಸಿನೀರಿಗೆ ಬೇರೆ ನಳ ಯಾಕೆ ಬೇಕು ಹೇಳಿ. ಇಂಥ ಕಡೆ ಬರೀ ತಣ್ಣೀರಿನ ಪಿಲ್ಲರ್ ಕಾಕ್ ಸಾಕು. ಮಿಕ್ಸರ್ ತಂದರೆ ಪ್ಲಂಬರ್ ಒಂದು ಬದಿಯ ಪೈಪಿಗೆ ಬೂಚು ಹಾಕುತ್ತಾನೆ, ಇಲ್ಲವೇ ಎರಡನ್ನೂ ಒಂದೇ ಲೈನಿಗೆ ಟೀ ಹಾಕಿ ಕೂಡಿಸುತ್ತಾನೆ. ಸಾವಿರಾರು ರೂಪಾಯಿ ಕೊಟ್ಟು ಅರ್ಧ ನಳ ಬಳಸಿದಂತಾಯಿತು.

ಪಿಲ್ಲರ್ ಕಾಕ್‌ನಲ್ಲೂ ಎರಡು ಬಗೆ. ಹಳೆಯದು ಮೂರ್ನಾಲ್ಕು ಸುತ್ತು ತಿರುಗಿಸುವ, ಒಳಗೆ ರಬ್ಬರ್ ವಾಷರ್ ಇರುವ ನಳ. ಹೊಸದು ಕಾಲು ಸುತ್ತಿಗೇ ತೆರೆಯುವ ಸೆರಾಮಿಕ್ ಬಿಲ್ಲೆಯ ನಳ. ವಾಷರ್ ನಳದ ಪರವಾಗಿ ಒಂದು ಮಾತು ಹೇಳಲೇಬೇಕು, ಸವೆದರೆ ಯಾವ ಕಿರಾಣಿ ಪಕ್ಕದ ಹಾರ್ಡ್‌ವೇರ್ ಅಂಗಡಿಯಲ್ಲೂ ಪುಡಿಗಾಸಿಗೆ ವಾಷರ್ ಸಿಗುತ್ತದೆ. ಆದರೆ ಮಕ್ಕಳು, ಮುದುಕರು ಅದನ್ನು ಪೂರ್ತಿ ಬಿಗಿ ಮಾಡುವುದಿಲ್ಲ. ಸೆಕೆಂಡಿಗೊಂದು ಹನಿ ಸೋರಿದರೂ ದಿನಕ್ಕೆ ಒಂದು ಬಕೆಟ್‌ನಷ್ಟು ನೀರು ಹೋಗುತ್ತದೆ, ಅದೂ ಟ್ಯಾಂಕರ್‌ಗೆ ದುಡ್ಡು ಕೊಡುವ ಊರಿನಲ್ಲಿ. ಕಾಲು ಸುತ್ತಿನದೇ ಇರಲಿ. ಗುಂಡನೆಯ ಹಿಡಿ ಬಿಟ್ಟು ಉದ್ದ ಹಿಡಿಯದು ನೋಡಿ. ಎಣ್ಣೆಗಾಯಿ, ರೊಟ್ಟಿ ಉಂಡ ಕೈ ಜಾರುತ್ತದೆ, ಗಂಟು ನೋವಿನ ಅಜ್ಜಿಗೆ ಗುಂಡು ಹಿಡಿ ತಿರುಗುವುದೂ ಇಲ್ಲ. ಮಿಕ್ಸರ್‌ನಂತೆ ಮೇಲೆತ್ತುವ ಲಿವರ್ ಇದ್ದು ತಣ್ಣೀರಿಗೆ ಮಾತ್ರ ಇರುವ ಪಿಲ್ಲರ್ ಕಾಕ್ ಸಹ ಸಿಗುತ್ತದೆ. ಮಣಿಕಟ್ಟಿನಿಂದ ದೂಡಿದರೆ ಸಾಕು, ಹಿಡಿಗೆ ಎಣ್ಣೆ ಮೆತ್ತುವುದಿಲ್ಲ.

ಬಾತ್‌ರೂಮಿನೊಳಗಿನ ಬೇಸಿನ್‌ಗೆ ನಿಜವಾಗಿ ಬಿಸಿನೀರಿನ ಲೈನ್ ಬಂದಿದ್ದರೆ ಎರಡು ಆಯ್ಕೆ. ನಡುವೆ ಒಂದೇ ಮೂತಿ, ಆಚೆ ಈಚೆ ಎರಡು ಹಿಡಿ ಇರುವ ಸೆಂಟರ್ ಹೋಲ್ ಮಿಕ್ಸರ್ ಒಂದು. ಒಂದೇ ಲಿವರ್‌ನದು ಇನ್ನೊಂದು. ಅಂಗಡಿಯವರು ಎರಡು ಹಿಡಿಯದನ್ನು ಹಳೆ ಫ್ಯಾಷನ್ ಎಂದು ಮೂಲೆಗೆ ಸರಿಸುತ್ತಾರೆ. ನನಗೆ ಮಾತ್ರ ಈ ಭಾಗಕ್ಕೆ ಅದೇ ಮೇಲು ಅನಿಸುತ್ತದೆ. ಬಿಸಿನೀರಿನ ಬದಿ ಸುಣ್ಣ ಕಟ್ಟಿ ಬಿಗಿದರೂ ತಣ್ಣೀರಿನ ಬದಿ ನಡೆಯುತ್ತಿರುತ್ತದೆ, ಕೆಟ್ಟ ಬದಿಯ ಸ್ಪಿಂಡಲ್ (ಹಿಡಿಯ ಕೆಳಗೆ ತಿರುಗುವ ಒಳಭಾಗ) ಒಂದನ್ನೇ ಬದಲಿಸಿದರಾಯಿತು. ಸಿಂಗಲ್ ಲಿವರ್‌ನಲ್ಲಿ ಬಿಸಿ, ತಣ್ಣೀರು ಎರಡೂ ಲಿವರ್ ಕೆಳಗೆ ಬಿಲ್ಲೆಗಳನ್ನು ಹಿಡಿದಿಡುವ ಒಂದೇ ಕಾರ್ಟ್ರಿಡ್ಜ್ ಹಾದು ಬರುತ್ತವೆ, ಕೆಟ್ಟರೆ ಇಡೀ ನಳ ಬಂದ್. ಜೊತೆಗೆ ಲಿವರ್ ನಡುವೆ ನಿಲ್ಲಿಸುವ ರೂಢಿ ಎಲ್ಲರಿಗೂ ಇರುತ್ತದೆ. ಹಾಗೆ ನಿಲ್ಲಿಸಿ ತೆರೆದಾಗಲೆಲ್ಲ ಗೀಸರ್‌ನ ಕಾದ ನೀರು ಪೈಪಿಗೆ ಇಳಿದು ಅಲ್ಲೇ ತಣ್ಣಗಾಗುತ್ತದೆ, ಕರೆಂಟ್ ಮಾತ್ರ ಖರ್ಚು. ಬೀದರ್ ಎತ್ತರದ ಊರು, ಅಲ್ಲಿನ ಡಿಸೆಂಬರ್ ಬೆಳಗಿಗೆ ಮುಖ ತೊಳೆಯಲು ಬಿಸಿನೀರು ಬೇಕೇ ಬೇಕು. ಅಲ್ಲಿ, ಒತ್ತಡವೂ ಚೆನ್ನಾಗಿದ್ದರೆ, ಸಿಂಗಲ್ ಲಿವರ್‌ಗೆ ಕೊಟ್ಟ ದುಡ್ಡು ವಸೂಲಾದೀತು.

ಮೂತಿಯ ಉದ್ದ, ಎತ್ತರಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ, ದಿನಾ ಬಾಧಿಸುವುದು ಅದೇ. ನೀರು ಬೇಸಿನ್‌ನ ತೂತಿನ ಹತ್ತಿರಕ್ಕೆ ಬೀಳಬೇಕು. ಮೂತಿ ಗಿಡ್ಡವಾದರೆ ಕೈ ಹಿಂದಿನ ಗೋಡೆಗೆ ತಾಗುತ್ತದೆ, ಉದ್ದವಾಗಿ ಎತ್ತರಿಸಿದ್ದರೆ ತಗ್ಗಿಲ್ಲದ ಬೇಸಿನ್‌ನಿಂದ ನೀರು ಹೊರಗೆ ಸಿಡಿಯುತ್ತದೆ. ಬೇಸಿನ್‌ನ ಅಳತೆ ಬರೆದುಕೊಂಡೇ ಅಂಗಡಿಗೆ ಹೋಗಿ. ಚರಗಿ ಹಿಡಿದು ನೀರು ತುಂಬಿಕೊಳ್ಳುವ ಮನೆಯಾದರೆ, ನಮಾಜಿಗೆ ಮುಂಚೆ ವುಜೂ ಮಾಡುವಾಗ ಮೊಣಕೈವರೆಗೆ ತೊಳೆಯಬೇಕಾದ ಮನೆಯಾದರೆ, ಆಚೀಚೆ ತಿರುಗುವ ಬಾಗಿದ ಕತ್ತಿನ ಸ್ವಾನ್ ನೆಕ್ ಅನುಕೂಲ. ಕಲ್ಲಿನ ಮೇಲೆ ಬಟ್ಟಲಿಟ್ಟಂತೆ ಕೂರಿಸುವ ಟೇಬಲ್ ಟಾಪ್ ಬೇಸಿನ್‌ಗೆ ಸಾದಾ ಪಿಲ್ಲರ್ ಕಾಕ್ ಮುಟ್ಟುವುದೇ ಇಲ್ಲ, ಟಾಲ್ ಬಾಯ್ ಎನ್ನುವ ಎತ್ತರದ್ದೇ ಬೇಕು.

ಗೋಡೆಯೊಳಗೆ ದೇಹ ಹುದುಗಿಸಿ ಹೊರಗೆ ಮೂತಿ, ಹಿಡಿ ಮಾತ್ರ ಕಾಣಿಸುವ ಕನ್ಸೀಲ್ಡ್ ಮಿಕ್ಸರ್ ನೋಡಲು ಚಂದ. ಬೋರ್ ನೀರಿನ ಮನೆಗೆ ಬೇಡ. ಒಳಗೆ ಸೋರಿದರೆ ಟೈಲ್ಸ್ ಒಡೆಯಬೇಕು, ಅದೇ ಬಣ್ಣದ ಟೈಲ್ಸ್ ಆಗ ಸಿಗುವುದಿಲ್ಲ. ಸೆನ್ಸರ್ ನಳ ಆಸ್ಪತ್ರೆಗೆ, ಹೋಟೆಲಿಗೆ ಸರಿ. ಮನೆಯಲ್ಲಿ ಅದರ ಬ್ಯಾಟರಿ ಬದಲಿಸುವವರು ಯಾರು? ಖಾನಾವಳಿ, ಕಲ್ಯಾಣ ಮಂಟಪದ ಸಾಲು ಬೇಸಿನ್‌ಗಳಿಗೆ ಒತ್ತಿದರೆ ಸ್ವಲ್ಪ ಹೊತ್ತು ಹರಿದು ತಾನೇ ನಿಲ್ಲುವ ಪುಶ್ ಕಾಕ್ ಹಾಕಿ.

ಒಳಗೇನಿದೆ

ಹೊರಗೆ ಎಲ್ಲವೂ ಬೆಳ್ಳಿಯಂತೆ ಕಾಣುತ್ತವೆ. ಕ್ರೋಮ್ ಪದರ ಕೂದಲಿಗಿಂತ ಎಷ್ಟೋ ಪಟ್ಟು ತೆಳು, ಅದರಡಿ ನಿಕಲ್, ಅದರಡಿ ಅಸಲಿ ದೇಹ. ಆ ದೇಹ ಹಿತ್ತಾಳೆಯಾಗಿರಬಹುದು, ಸತುವಿನ ಮಿಶ್ರಲೋಹವಾಗಿರಬಹುದು, ಪ್ಲಾಸ್ಟಿಕ್ಕೂ ಆಗಿರಬಹುದು.

ತೂಕ ನೋಡಿ ಕೊಳ್ಳಿ ಎನ್ನುವ ಹಳೆಯ ಮಾತು ಈಗ ಪೂರ್ತಿ ನಡೆಯುವುದಿಲ್ಲ. ಸತು ಹಿತ್ತಾಳೆಗಿಂತ ಹಗುರ ನಿಜ, ಆದರೆ ದಪ್ಪ ಎರಕ ಹೊಯ್ದರೆ ಕೈಗೆ ಭಾರವೇ ಅನಿಸುತ್ತದೆ. ನಳವನ್ನು ತಲೆಕೆಳಗು ಮಾಡಿ, ನಟ್ ಬಿಚ್ಚಿಸಿ, ಕ್ರೋಮ್ ಹತ್ತದ ಒಳಗಿನ ಥ್ರೆಡ್ ನೋಡಿ. ಹಳದಿ ಕಂಡರೆ ಹಿತ್ತಾಳೆ. ಮಬ್ಬು ಬೂದಿ ಬಣ್ಣವಿದ್ದರೆ ಸತು. ‘ಎಣ್ಣಾ, ಒಳಗ ಹಿತ್ತಾಳಿ ಅದನೋ ಜಿಂಕ್ ಅದನೋ, ಬಿಚ್ಚಿ ತೋರ್ಸು’ ಎಂದು ಕೇಳಿದಾಗ ಅಂಗಡಿಯವನು ಬಿಚ್ಚಲು ಹಿಂದೆಮುಂದೆ ನೋಡಿದರೆ ಮುಂದಿನ ಅಂಗಡಿಗೆ ನಡೆಯಿರಿ.

ಬೀದರಿನ ಬಿದರಿ ಹೂಜಿಯ ಒಡಲೂ ಬಹುಪಾಲು ಸತುವೇ, ಜೊತೆಗೆ ಚೂರು ತಾಮ್ರ. ಕೋಟೆಯ ಮಣ್ಣು ಬೆರೆಸಿದ ನೀರಿನಲ್ಲಿ ಕಾಯಿಸಿದಾಗ ಅದು ಕಪ್ಪಾಗುವುದೇ ಅದರ ಚೆಲುವು. ಆದರೆ ಆ ಹೂಜಿ ಶೋಕೇಸಿನಲ್ಲಿರುತ್ತದೆ. ದಿನವಿಡೀ ಸವುಳು ನೀರು ಹಿಡಿದು ನಿಲ್ಲುವ ನಳದಲ್ಲಿ ಸತುವಿನ ಎರಕ ಒಳಗಿನಿಂದ ಉಪ್ಪೇರಿ, ಥ್ರೆಡ್ ಉದುರಿ, ಬಿಚ್ಚಲು ಹೋದ ದಿನ ಕೈಯಲ್ಲಿ ಮುರಿದು ಬರುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ನಳಗಳೂ ಈಗ ಬಂದಿವೆ. 304 ದರ್ಜೆಯದಾದರೆ ಒಳ್ಳೆಯದು, ಅದಕ್ಕೆ ಕ್ರೋಮ್ ಏಳುವ ಭಯವೇ ಇಲ್ಲ. ಆದರೆ ಕೌಂಟರ್ ಮೇಲಿನ ಅಯಸ್ಕಾಂತದ ಆಟಕ್ಕೆ ಮರುಳಾಗಬೇಡಿ. ಅಂಟಲಿಲ್ಲ ನೋಡ್ರಿ, 304 ಅದ ಎನ್ನುತ್ತಾರೆ. ಅಗ್ಗದ 202 ದರ್ಜೆಗೂ ಅಯಸ್ಕಾಂತ ಸರಿಯಾಗಿ ಅಂಟುವುದಿಲ್ಲ, ಹಿತ್ತಾಳೆಗೂ ಸತುವಿಗೂ ಅಂಟುವುದಿಲ್ಲ. ಬಿಲ್ಲಿನ ಮೇಲೆ ದರ್ಜೆ ಬರೆಸಿಕೊಳ್ಳುವುದೊಂದೇ ದಾರಿ.

ಪಿಟಿಎಂಟಿ ಎನ್ನುವ ಬಿಳಿ ಪ್ಲಾಸ್ಟಿಕ್ ನಳವನ್ನು ಕೀಳಾಗಿ ನೋಡುವವರೇ ಹೆಚ್ಚು. ವಾಟರ್‌ಟೆಕ್, ಪ್ರಯಾಗ್‌ನಂಥ ಕಂಪನಿಗಳದು ಬರುತ್ತದೆ. ತುಕ್ಕಿಲ್ಲ, ಪದರ ಏಳುವುದಿಲ್ಲ, ಸವುಳು ನೀರಿಗೆ ಜಗ್ಗುವುದಿಲ್ಲ. ಹಿತ್ತಾಳೆಯಂತೆ ಮಾರಿದರೆ ದುಡ್ಡು ಬರುವುದಿಲ್ಲವಾದ್ದರಿಂದ ಕಳ್ಳರೂ ಕಣ್ಣು ಹಾಕುವುದಿಲ್ಲ. ಬಾಡಿಗೆ ಮನೆಗೆ, ಅಂಗಳದ ಬೇಸಿನ್‌ಗೆ, ಹೊಲದ ಮನೆಗೆ ನಾನು ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ. ಕುದಿಯುವಷ್ಟು ಬಿಸಿನೀರಿನ ಲೈನಿಗೆ ಮಾತ್ರ ಬೇಡ.

ಬಣ್ಣದ ಮಾತು ಚುಟುಕಾಗಿ: ಕಪ್ಪು ಮ್ಯಾಟ್ ನಳ ನಮ್ಮ ನೀರಿಗೆ ಆಗಿಬರುವುದಿಲ್ಲ, ಒಣಗಿದ ಪ್ರತಿ ಹನಿಯೂ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ಬಂಗಾರದ ಬಣ್ಣವೇ ಬೇಕಾದರೆ ಪಿವಿಡಿ (ನಿರ್ವಾತದಲ್ಲಿ ಆವಿಯಾಗಿ ಕೂರಿಸುವ) ಲೇಪನದ್ದೇ ಎಂದು ಖಾತ್ರಿ ಮಾಡಿಕೊಳ್ಳಿ, ಬರೀ ಬಣ್ಣ ಬಳಿದದ್ದು ಬೇಗ ಸುಲಿಯುತ್ತದೆ. ಸಾದಾ ಕ್ರೋಮ್ ಒರೆಸಿದರೆ ಹೊಳೆಯುತ್ತದೆ.

ಕೌಂಟರ್ ಮುಂದೆ

ಈಗಿನ ಅಂದಾಜು ದರ ಹೇಳುವುದಾದರೆ, ಪಿಟಿಎಂಟಿ ಪಿಲ್ಲರ್ ಕಾಕ್ 150ರಿಂದ 400 ರೂಪಾಯಿ. ಹೆಸರಿರುವ ಕಂಪನಿಯ ಹಿತ್ತಾಳೆ ಪಿಲ್ಲರ್ ಕಾಕ್ 800ರಿಂದ 2000. ಮಿಕ್ಸರ್‌ಗಳು 2000ದಿಂದ ಶುರುವಾಗಿ 6000, ಅದರಾಚೆಗೂ ಹೋಗುತ್ತವೆ. ಜಾಗ್ವಾರ್, ಹಿಂಡ್‌ವೇರ್, ಸೆರಾ, ಪ್ಯಾರಿವೇರ್ ಹೆಸರು ಎಲ್ಲರಿಗೂ ಗೊತ್ತು. ಜಾಗ್ವಾರ್ ಬೆಲೆ ಭಾರ ಅನಿಸಿದರೆ ಅದೇ ಗುಂಪಿನ ಎಸ್ಕೋ ಇದೆ.

ಆದರೆ ಹೆಸರು ಕೇಳಿ ಮುಗಿಸಬೇಡಿ. ‘ಇದರ ಕಾರ್ಟ್ರಿಡ್ಜ್ ಬಿಡಿಯಾಗಿ ನಿಮ್ಮಲ್ಲಿ ಅದನ್ರಿ? ಒಂದು ತೆಗೆದು ತೋರಿಸ್ರಿ’ ಎಂದು ಕೇಳಿ. ಸಿಂಗಲ್ ಲಿವರ್‌ನ ಕಾರ್ಟ್ರಿಡ್ಜ್ ಸಾಮಾನ್ಯವಾಗಿ 35 ಅಥವಾ 40 ಮಿಲಿಮೀಟರ್ ಅಳತೆಯದು, ಅವು ಹುಡುಕಿದರೆ ಸಿಗುತ್ತವೆ. ಕಾಲು ಸುತ್ತಿನ ಸ್ಪಿಂಡಲ್‌ಗಳದೇ ಪಂಚಾಯತಿ. ಉದ್ದ, ಹಲ್ಲುಗಳ ಲೆಕ್ಕ ಕಂಪನಿಗೊಂದು ಥರ, ಹೆಸರಿಲ್ಲದ ಮಾಲಿನದು ಒಂದಕ್ಕೊಂದು ಕೂಡುವುದೇ ಇಲ್ಲ. ಸಾವಿರ ರೂಪಾಯಿಯ ನಳ ನೂರಿನ್ನೂರರ ಸ್ಪಿಂಡಲ್ ಸಿಗದೆ ಗುಜರಿಗೆ ಹೋಗುವುದು ಹೀಗೆ. ಗ್ಯಾರಂಟಿ ಕಾರ್ಡಿನಲ್ಲಿ ದೇಹಕ್ಕೆಷ್ಟು ವರ್ಷ, ಕ್ರೋಮಿಗೆಷ್ಟು, ಕಾರ್ಟ್ರಿಡ್ಜ್‌ಗೆಷ್ಟು ಎಂದು ಬೇರೆ ಬೇರೆ ಓದಿ. ಗಡಸು ನೀರಿನಿಂದಾದ ಹಾನಿಗೆ ಅನ್ವಯಿಸದು ಎಂಬ ಸಾಲು ಸಣ್ಣಕ್ಷರದಲ್ಲಿ ಎಲ್ಲೋ ಕೂತಿರುತ್ತದೆ. ಹಿತ್ತಾಳೆ ನಳಗಳಿಗೆ ಐಎಸ್ 8931 ಎಂಬ ಮಾನದಂಡವಿದೆ, ಡಬ್ಬಿಯ ಮೇಲೆ ಐಎಸ್‌ಐ ಗುರುತು ನೋಡಿಕೊಳ್ಳಿ.

ನಳದ ಜೊತೆಗೇ ಹೆಣೆದ ಸ್ಟೀಲಿನ ಕನೆಕ್ಷನ್ ಪೈಪ್ ಮತ್ತು ಒಳ್ಳೆಯ ಆಂಗಲ್ ಕಾಕ್ ಕೊಳ್ಳಿ. ಬಿಳಿ ಪ್ಲಾಸ್ಟಿಕ್ ಕನೆಕ್ಷನ್ ಪೈಪ್ ಒಡೆದು ಮನೆಯವರು ಊರಿಗೆ ಹೋದಾಗ ಟಾಕಿ ಪೂರ್ತಿ ಪಡಸಾಲೆಗೆ ಇಳಿದ ಉದಾಹರಣೆಗಳು ಊರ ತುಂಬ ಇವೆ.

ಕೂರಿಸುವ ದಿನ

ಹೊಸ ಲೈನಿನಲ್ಲಿ ಮರಳು, ಸಿಮೆಂಟ್ ಪುಡಿ, ಟೆಫ್ಲಾನ್ ಟೇಪಿನ ಚೂರು ಇರುತ್ತವೆ. ನಳ ಹಾಕುವ ಮುಂಚೆ ಆಂಗಲ್ ಕಾಕ್ ತೆರೆದು ಒಂದೆರಡು ಬಕೆಟ್ ನೀರು ಹರಿಯಬಿಡಿ. ಸೆರಾಮಿಕ್ ಬಿಲ್ಲೆಗೆ ಒಂದು ಮರಳ ಕಾಳು ಗೀರು ಹಾಕಿದರೆ ಆ ನಳ ಮೊದಲ ದಿನದಿಂದಲೇ ತೊಟ್ಟಿಕ್ಕುತ್ತದೆ. ಕೆಳಗಿನ ನಟ್ ಅನ್ನು ರಬ್ಬರ್ ವಾಷರ್ ಇಟ್ಟು ಹದವಾಗಿ ಬಿಗಿಸಬೇಕು, ಜೋರು ಮಾಡಿದರೆ ಬೇಸಿನ್ ಬಿರಿಯುತ್ತದೆ.

ಇಷ್ಟೆಲ್ಲ ನೋಡಿ ತಂದ ನಳವನ್ನು ಒಂದೇ ದಿನದಲ್ಲಿ ಹಾಳು ಮಾಡುವವರು ಟೈಲ್ಸ್ ಕೆಲಸದವರು. ಗ್ರೌಟ್ ಕಲೆ ತೆಗೆಯಲು ಗೌಂಡಿಗಳು ನೆಲಕ್ಕೆ ಆ್ಯಸಿಡ್ ಸುರಿಯುತ್ತಾರೆ. ನಳಕ್ಕೆ ತಾಗಬೇಕೆಂದೇನೂ ಇಲ್ಲ, ಮುಚ್ಚಿದ ಬಾತ್‌ರೂಮಿನಲ್ಲಿ ಅದರ ಹೊಗೆಯೇ ಸಾಕು, ಕ್ರೋಮ್ ಮಬ್ಬಾಗಿ ಚುಕ್ಕೆ ಏಳುತ್ತದೆ. ಆ್ಯಸಿಡ್ ತೊಳೆತ ಮುಗಿದು, ಕಿಟಕಿ ತೆರೆದಿಟ್ಟು ವಾಸನೆ ಹೋದ ಮೇಲೆಯೇ ನಳದ ಡಬ್ಬಿ ಬಿಚ್ಚಲು ಹೇಳಿ. ಆಮೇಲೆಯೂ ಸಂಡಾಸು ತೊಳೆಯುವ ದ್ರಾವಣದಿಂದ ನಳ ತಿಕ್ಕಬಾರದು, ಅದರಲ್ಲಿರುವುದೂ ಆ್ಯಸಿಡ್ಡೇ. ಒದ್ದೆ ಬಟ್ಟೆ, ಚೂರು ಸೋಪು, ಆಮೇಲೆ ಒಣಬಟ್ಟೆ. ಸುಣ್ಣದ ಕಲೆ ಗಟ್ಟಿಯಾಗಿದ್ದರೆ ವಿನಿಗರ್ ಅದ್ದಿದ ಬಟ್ಟೆ ಕೆಲ ನಿಮಿಷ ಸುತ್ತಿಟ್ಟು ತೊಳೆದುಬಿಡಿ.

ಬೇಸಿನ್ ಕೆಳಗಿನ ಆಂಗಲ್ ಕಾಕ್ ಅನ್ನು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ. ಮುಟ್ಟದೆ ಬಿಟ್ಟರೆ ಅದೂ ಸುಣ್ಣ ಹಿಡಿದು ಜಾಮ್ ಆಗುತ್ತದೆ. ಆಗ ಬೇಸಿನ್‌ನ ಸಣ್ಣ ರಿಪೇರಿಗೂ ಮಾಳಿಗೆ ಹತ್ತಿ ಇಡೀ ಮನೆಯ ನೀರು ಬಂದ್ ಮಾಡಬೇಕಾಗುತ್ತದೆ.